ಎರಡನೇ ಹಾಫು, ಕಬ್ಬಿನ ಹಾಲು

ನಮ್ಮ ಫುಟ್‌ಬಾಲ್ ತಾಲೀಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅರ್ಧ ಕೊಲ್ಹಾಪುರ ನಗುತ್ತದೆ, ಇನ್ನರ್ಧ ಹಳೆಯ ಲೆಕ್ಕ ಚುಕ್ತಾ ಮಾಡಲು ನನ್ನನ್ನು ಹುಡುಕುತ್ತ ಇಚಲಕರಂಜಿಗೆ ಬರುತ್ತದೆ. ಪಾಟಾಕಡೀಲ್ ಅಲ್ಲ, ಖಂಡೋಬಾ ಅಲ್ಲ, ದಿಲ್‌ಬಹಾರ್ ಅಲ್ಲ, ಬಾಲಗೋಪಾಲ ಅಲ್ಲ, ಶಿವಾಜಿ ತರುಣ ಮಂಡಳವಂತೂ ಅಲ್ಲವೇ ಅಲ್ಲ. ಇಷ್ಟು ಕಳೆದ ಮೇಲೆ ಉಳಿಯುವವರಲ್ಲಿ ಯಾರೋ ಒಬ್ಬರು ಎಂದು ತಿಳಿಯಿರಿ. ಕಪ್ ಗೆದ್ದವರ ಪಟ್ಟಿಯಲ್ಲಿ ಹುಡುಕಬೇಡಿ, ಸುಮ್ಮನೆ ವೇಳೆ ಹಾಳು.

ನಾನು ಗಡಹಿಂಗ್ಲಜ ಕಡೆಯವನು. ಮನೆಯಲ್ಲಿ ಕನ್ನಡ, ಗಾದಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಇಚಲಕರಂಜಿಯ ಒಂದು ಪಾವರ್‌ಲೂಮ್ ಕಾರಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಲೇಜು ಓದುವಾಗ ಕೊಲ್ಹಾಪುರದ ಒಂದು ಪೇಠೆಯಲ್ಲಿ ಖೋಲಿ ಹಿಡಿದಿದ್ದೆ. ಮಾಲಕರದು ಒಂದೇ ಕರಾರು: ಬಾಡಿಗೆ ತಡವಾದರೆ ನಡೆಯುತ್ತದೆ, ಮ್ಯಾಚಿನ ದಿನ ಎದುರು ಪೇಠೆಯವರ ಕಡೆ ಕೂತದ್ದು ಕಂಡರೆ ಟ್ರಂಕು ರಸ್ತೆಗೆ. ಬಾಡಿಗೆಯನ್ನು ಆಗಲೇ ತೀರಿಸಿದೆ. ತಂಡ ಇನ್ನೂ ತೀರಿಲ್ಲ.

ನನ್ನ ಹೆಂಡತಿಗೆ ಇದು ಅರ್ಥವಾಗುವುದಿಲ್ಲ. “ಊರಾಗ ಫುಟ್‌ಬಾಲ್ ಇಲ್ಲೇನ್ರೀ? ದೀಪಾವಳಿಗೆ ಎಂ.ಆರ್. ಹೈಸ್ಕೂಲ್ ಗ್ರೌಂಡಿಗೆ ಎಲ್ಲೆಲ್ಲಿಂದೋ ಟೀಮ್ ಬರ್ತಾವ. ಅದನ್ನ ಬಿಟ್ಟು ಮಂದಿ ಪೇಠಿ ಹೊತಗೊಂಡು ತಿರಗತೀರಿ” ಎನ್ನುತ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ. ಗಡಹಿಂಗ್ಲಜದ ಚಹದಂಗಡಿಯಲ್ಲಿ ಆಫ್‌ಸೈಡ್ ಬಗ್ಗೆ ನಡೆಯುವಷ್ಟು ಜಗಳ ಆಸ್ತಿಪಾಲಿನ ಬಗ್ಗೆಯೂ ನಡೆಯುವುದಿಲ್ಲ. ಆದರೆ ಪ್ರೀತಿ ನ್ಯಾಯ ನೋಡಿ ಬರುತ್ತದೆಯೇ?

ತಾಲೀಮು ಎಂದರೆ ಮೂಲದಲ್ಲಿ ಕುಸ್ತಿಯ ಗರಡಿ. ಶಾಹೂ ಮಹಾರಾಜರು ಪೈಲವಾನರನ್ನು ಸಾಕಿದ ಊರು ಕೊಲ್ಹಾಪುರ. 1912ರ ಖಾಸಬಾಗ್ ಕುಸ್ತಿ ಮೈದಾನ ಇವತ್ತಿಗೂ ನಿಂತಿದೆ. ತಾಲೀಮುಗಳಲ್ಲಿ ಕೆಮ್ಮಣ್ಣಿನ ಅಖಾಡದ ಪಕ್ಕದಲ್ಲೇ ಈಗ ಜರ್ಸಿ ಒಣಗುತ್ತವೆ, ಹನುಮಪ್ಪನ ಫೋಟೋದ ಕೆಳಗೆ ಸ್ಟಡ್ ಬೂಟುಗಳ ಸಾಲು. ಪೈಲವಾನ ಸೋತರೆ ಒಬ್ಬನೇ ಸೋಲುತ್ತಿದ್ದ. ಫುಟ್‌ಬಾಲ್ ಬಂದ ಮೇಲೆ ಇಡೀ ಪೇಠೆ ಒಟ್ಟಿಗೇ ಚಿತ್ತಾಗುವ ಸೌಕರ್ಯ ಆಗಿದೆ.

ಈಗ ನಮ್ಮ ದುಃಖಕ್ಕೆ ಬರೋಣ. ಕೆಲವು ಹಂಗಾಮಿನ ಹಿಂದೆ ನಮ್ಮ ಒಳ್ಳೆಯ ಆಟಗಾರರೆಲ್ಲ ಒಬ್ಬೊಬ್ಬರೇ ಕಾಣೆಯಾದರು. ಸ್ಟ್ರೈಕರ್ ಎಲ್ಲಿ ಎಂದು ಕೇಳುತ್ತಿರುವಾಗಲೇ ಅವನ ಮುಖ ಬೇರೆ ಪೇಠೆಯ ಫ್ಲೆಕ್ಸಿನಲ್ಲಿ, ಹತ್ತು ಪುಢಾರಿಗಳ ಮುಖಗಳ ನಡುವೆ, ಅಂಚೆಚೀಟಿ ಗಾತ್ರದಲ್ಲಿ ಕಂಡಿತು. ದುಡ್ಡಿದ್ದವರು ನೈಜೀರಿಯಾದಿಂದ ಆಟಗಾರರನ್ನು ತರಿಸುತ್ತಾರೆ. ನಮ್ಮ ಖಜಾಂಚಿಯ ಕೈ ನಿಪ್ಪಾಣಿ ದಾಟುವುದಿಲ್ಲ. ಆಗ ಕಮಿಟಿ ಕೂತು ಬಹಳ ಗಂಭೀರವಾಗಿ ಒಂದು ಘೋಷಣೆ ಮಾಡಿತು: ಇನ್ನು ಮುಂದೆ ಪೇಠೆಯ ಹುಡುಗರೇ ಆಡುವುದು, ಇದು ‘ಸಂಘಬಾಂಧಣಿ’, ಅಂದರೆ ತಂಡ ಕಟ್ಟುವ ಕೆಲಸ, ಎಲ್ಲರೂ ದಮ್ ಹಿಡಿಯಬೇಕು. ದುಡ್ಡಿಲ್ಲ ಎಂಬುದನ್ನು ಇಷ್ಟು ಭವ್ಯವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪೇಠೆಯ ಹುಡುಗರು ಒಳ್ಳೆಯವರೇ. ಆದರೆ ನಮ್ಮ ರೈಟ್ ಬ್ಯಾಕ್ ನಸುಕಿನಲ್ಲಿ ಎದ್ದು ಮನೆಮನೆಗೆ ಹಾಲು ಹಾಕುತ್ತಾನೆ. ಸಂಜೆಯ ಮ್ಯಾಚಿನಲ್ಲಿ ಅರವತ್ತನೇ ಮಿನಿಟಿಗೆ ನಿಂತಲ್ಲೇ ಕಣ್ಣು ಮುಚ್ಚುತ್ತಾನೆ. ಹಂಗಾಮು ನಡೆಯುವುದು ಚಳಿಗಾಲದಿಂದ ಬೇಸಿಗೆಯವರೆಗೆ, ನಟ್ಟನಡುವೆ ಬೋರ್ಡ್ ಪರೀಕ್ಷೆ. ಒಂದು ಮಹತ್ವದ ಪಂದ್ಯಕ್ಕೆ ನಮ್ಮ ಗೋಲಿ ಬರಲಿಲ್ಲ, ಮರುದಿನ ಬೀಜಗಣಿತದ ಪೇಪರು. ಅವನ ಬದಲಿಗೆ ನಿಂತವನು ಐದು ಗೋಲು ಬಿಟ್ಟ. ಗೋಲಿ ಬೀಜಗಣಿತದಲ್ಲೂ ಪಾಸಾಗಲಿಲ್ಲ. ಇನ್ನು ಅಪ್ಪಂದಿರು. 2017ರಲ್ಲಿ ಕೊಲ್ಹಾಪುರದ ಅನಿಕೇತ್ ಜಾಧವ್ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದ ಮೇಲೆ, ಪ್ರತಿಯೊಬ್ಬ ಅಪ್ಪನೂ ಮಗನನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ ಕೋಚ್ ಅವರ ಮನೆಗೆ ನಡೆದು ಹೋಗುತ್ತಾನೆ.

ಶಿಕಾಗೋದಲ್ಲಿರುವ ನನ್ನ ತಂಗಿಯ ಮಗ ಸಮಾಧಾನ ಹೇಳಿದ. “ಮಾಮಾ, ಇಲ್ಲಿ ಕಬ್ಸ್ ಅಂತ ಬೇಸ್‌ಬಾಲ್ ಟೀಮ್ ಐತಿ. 1908ಕ್ಕ ಗೆದ್ದಿದ್ರು, ಮತ್ತ ಗೆದ್ದದ್ದು 2016ಕ್ಕ.” ಲೆಕ್ಕ ಹಾಕಿದೆ, 108 ವರ್ಷ. ಜಪಮಾಲೆ ಸರಿಯಾಗಿ ಒಂದು ಸುತ್ತು. ಹಳಬರನ್ನೆಲ್ಲ ಬಿಟ್ಟುಕೊಟ್ಟು ಎಳೆಯರನ್ನು ಕೂಡಿಹಾಕಿ ಅವರೂ ಸಂಘ ಕಟ್ಟಿದರಂತೆ. 2012ರಲ್ಲಿ ಒಂದೇ ಹಂಗಾಮಿನಲ್ಲಿ 101 ಆಟ ಸೋತರಂತೆ. ಇದನ್ನು ಓಡಿಹೋಗಿ ನಮ್ಮ ಕಮಿಟಿಯ ಕಾಕಾಗೆ ಹೇಳಿದೆ. ಅವರು ತಂಬಾಕು ತಿಕ್ಕುತ್ತ, “101 ಸೋಲಾಕ ನಮಗ ಅಷ್ಟು ಮ್ಯಾಚ್ ಎಲ್ಲೆವ?” ಎಂದರು. ಆ ತಂಡಕ್ಕೆ ಒಂದು ಆಡಿನ ಶಾಪವೂ ಇತ್ತಂತೆ. 1945ರಲ್ಲಿ ಯಾರೋ ತನ್ನ ಆಡನ್ನು ಪಂದ್ಯಕ್ಕೆ ಕರೆತಂದ, ಮೈದಾನದವರು ಹೊರಗೆ ಹಾಕಿದರು, ಅವನು ಶಪಿಸಿದ. ಕೊಲ್ಹಾಪುರದಲ್ಲಿ ಇಂಥ ಅಪಾಯವಿಲ್ಲ. ಆಡು ಇಲ್ಲಿ ಸ್ಟೇಡಿಯಂ ಗೇಟಿನವರೆಗೆ ಉಳಿಯುವುದಿಲ್ಲ, ದಾರಿಯಲ್ಲೇ ಮಾಂಸದ ಸಾರು, ತಾಂಬಡಾ ರಸ್ಸಾ.

ನಮ್ಮ ಪೇಠೆ ಆಡಿಲ್ಲದೆ ಶಾಪ ಕಂಡುಹಿಡಿಯಿತು. ಆ ಶಾಪ ನಾನು.

ಶಾಹೂ ಸ್ಟೇಡಿಯಂ, ಭಾನುವಾರ, ಬಿಸಿಲು. ಮೊದಲ ಹಾಫಿನಲ್ಲಿ ಒಂದು ಗೋಲು ತಿಂದಿದ್ದೆವು. ನಾನು ಮೂತ್ರಕ್ಕೆ ಎದ್ದು ಹೋದೆ, ಗೋಲು ಹೊಡೆದೆವು. ಬಂದು ಕೂತೆ, ಇನ್ನೊಂದು ತಿಂದೆವು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಎಸ್‌ಟಿ ಕಂಡಕ್ಟರರು ಟಿಕೆಟ್ ತಪಾಸಿಸುವ ದನಿಯಲ್ಲಿ ಹೇಳಿದರು: “ಪಾವ್ಣಂ, ತುಮ್ಹೀ ಬಾಹೇರ್ ಗೇಲಾ, ಗೋಲ್ ಝಾಲಾ. ಆತ್ ಆಲಾ, ಗೋಲ್ ಖಾಲ್ಲಾ.” ಇಡೀ ಸಾಲು ನನ್ನತ್ತ ತಿರುಗಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಕೂತೇ ಇರುತ್ತಿದ್ದೆ. ಒಬ್ಬ ನನ್ನ ಚೀಲ ಎತ್ತಿ ಕೊಟ್ಟ, ಇನ್ನೊಬ್ಬ ಚಪ್ಪಲಿ ಹುಡುಕಿಕೊಟ್ಟ, ಕಂಡಕ್ಟರರು ಭುಜದ ಮೇಲೆ ಕೈಯಿಟ್ಟು “ಪೇಠೇಸಾಠೀ”, ಪೇಠೆಗೋಸ್ಕರ, ಎಂದರು. ಗಡಿಗೆ ಹೊರಟ ಯೋಧನಂತೆ ಎದೆಯುಬ್ಬಿಸಿ ಮೆಟ್ಟಿಲಿಳಿದೆ. ಟಿಕೆಟ್ಟು ಕಿಸೆಯಲ್ಲೇ ಇತ್ತು.

ಗೋಡೆಯ ಹೊರಗೆ ಕಬ್ಬಿನ ಹಾಲಿನ ಗಾಡಿ. ಅದರ ಮುದುಕ ಇಷ್ಟು ವರ್ಷ ಅಲ್ಲೇ ನಿಂತಿದ್ದರೂ ಒಂದು ಮ್ಯಾಚನ್ನೂ ಕಣ್ಣಿಂದ ಕಂಡವನಲ್ಲ, ಎಲ್ಲವೂ ಕಿವಿಯಿಂದ. ಉದ್ದನೆಯ “ಓ” ಬಂದರೆ ಚೆಂಡು ಕಂಬದ ಮೇಲಿಂದ ಹಾರಿತು. ಗಿಡ್ಡನೆಯ “ಏಯ್” ಎಂದರೆ ಫೌಲು. ಸೀಟಿಗಳ ಸುರಿಮಳೆ ಎಂದರೆ ರೆಫರಿಯ ಪೂರ್ವಜರ ಸ್ಮರಣೆ. ಒಂದು ಕ್ಷಣ ಸದ್ದೇ ಇಲ್ಲದೆ ಆಮೇಲೆ ಅರ್ಧ ಸ್ಟೇಡಿಯಂ ಸ್ಫೋಟವಾದರೆ ಗೋಲು. ಯಾವ ಅರ್ಧ ಎಂಬುದೇ ವಿದ್ಯೆ. ಲೂಮಿನ ಖಟಖಟದಲ್ಲಿ ಸವೆದ ನನ್ನ ಕಿವಿಗೆ ಎಲ್ಲವೂ ಒಂದೇ. ಆ ಮುದುಕನನ್ನು ಗುರುವಾಗಿ ಸ್ವೀಕರಿಸಿದೆ.

ಸಂಕಟವೆಂದರೆ ಅವನ ಯಂತ್ರಕ್ಕೆ ಕಟ್ಟಿದ ಗೆಜ್ಜೆ. ಚಕ್ರ ತಿರುಗಿತೆಂದರೆ ಝಲ್ ಝಲ್, ಸ್ಟೇಡಿಯಂ ಮಾಯ. ಅದಕ್ಕೆ ನಾನೊಂದು ವ್ಯವಹಾರ ಕುದುರಿಸಿದೆ: ಚಕ್ರ ತಿರುಗಿಸದೆ ಸುಮ್ಮನಿದ್ದರೆ ಗ್ಲಾಸಿನ ದುಡ್ಡು ಕೊಡುತ್ತೇನೆ. ಅವನಿಗೂ ರಟ್ಟೆ ನೋವು, ಒಪ್ಪಿದ. ಹೀಗೆ ನಾನು ಕುಡಿಯದ ಕಬ್ಬಿನ ಹಾಲಿಗೆ ಹಣ ಎಣಿಸುತ್ತ, ಅವನು ಹಿಂಡದ ಕಬ್ಬನ್ನು ಕಾಯುತ್ತ, ಇಬ್ಬರೂ ಗೋಡೆಗೆ ಕಿವಿಗೊಟ್ಟು ನಿಂತೆವು. ಗಿರಾಕಿಗಳು ಸೇರತೊಡಗಿದರು. “ಅಹೋ, ರಸ ದೇತಾಯ್ ಕೀ ನಾಹೀ?” ಎಂದು ಕೂಸಿನ ಕೈ ಹಿಡಿದ ಒಬ್ಬ ತಾಯಿ ಕೇಳಿದರು. ಯಂತ್ರ ಕೆಟ್ಟಿದೆ ಎಂದು ನಾನೇ ಹೇಳಿದೆ, ಅಂಗಡಿಯ ಪಾಲುದಾರನಂತೆ. ಚಕ್ರದ ಮೇಲೆ ಕೈ ಬೇರೆ ಇಟ್ಟುಕೊಂಡಿದ್ದೆ.

ಒಳಗೆ ಸದ್ದು ನಿಂತಿತು. ಮುದುಕ ಬೆರಳೆತ್ತಿದ. ನನ್ನ ಉಸಿರು ನಿಂತಿತು, ಚಕ್ರದ ಮೇಲಿನ ಕೈ ಸಡಿಲಾಯಿತು. ಅದೇ ಗಳಿಗೆಗೆ ಆ ಕೂಸು ಚಕ್ರ ಹಿಡಿದು ಜಗ್ಗಿತು. ಝಲ್ಲೆಂದು ಗೆಜ್ಜೆ, ಆ ಝಲ್ಲಿನೊಳಗೆ ಎಲ್ಲೋ ಒಂದು ಗರ್ಜನೆ. ಯಾರದು? ಮುದುಕ ಮೊದಲ ಸಲ ಕೈಚೆಲ್ಲಿದ. ಒಳಗೆ ಹೋಗಿ ನೋಡುವಂತಿಲ್ಲ. ಸಮ ಆಗಿದ್ದರೆ ನಾನು ಕಾಲಿಟ್ಟ ಕೂಡಲೇ ಇನ್ನೊಂದು ತಿನ್ನುತ್ತೇವೆ. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಗೇಟಿನ ಪೊಲೀಸರನ್ನು ಕೇಳಿದೆ, ಗೋಲು ಯಾರು ಹೊಡೆದರು ಎಂದು. ಅವರು ಬಹಳ ಯೋಚಿಸಿ, ತಾವು ಡ್ಯೂಟಿಯ ಮೇಲಿದ್ದೇವೆ ಎಂದರು.

ಮ್ಯಾಚು ಮುಗಿದು ಕಂಡಕ್ಟರರೇ ಓಡಿ ಬಂದು ನನ್ನನ್ನು ತಬ್ಬಿಕೊಂಡ ಮೇಲೆ ತಿಳಿಯಿತು: ಎರಡು-ಎರಡು. ಪಟ್ಟಿಯ ತಳದಲ್ಲಿರುವವರಿಗೆ ಡ್ರಾ ಎಂದರೆ ದಸರಾ. ಅಂದಿನಿಂದ ನನ್ನ ಜಾಗ ಗೋಡೆಯಾಚೆ. “ಮ್ಯಾಚ್ ನೋಡಾಕ ಹೋಗಿ ಮ್ಯಾಚ್ ನೋಡ್ಲಾರದ ಬಂದ್ರಿ?” ಎಂದು ಹೆಂಡತಿ ಕೇಳಿದಳು. ಹೌದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಗೋಡೆಯಾಚೆ ನಿಂತವನಿಗೆ ಬೇರೆ ಸದ್ದುಗಳೂ ಕೇಳಿಸುತ್ತವೆ. ಕೂಗು ಆಟದಿಂದ ಕಳಚಿಕೊಂಡು ಎದುರಿನ ಸ್ಟ್ಯಾಂಡಿನತ್ತ ತಿರುಗಿದಾಗ ಮುದುಕ ಮಾತಿಲ್ಲದೆ ಗ್ಲಾಸು ಎತ್ತಿಟ್ಟು ಗಾಡಿಯ ಮೇಲೆ ತಾಡಪತ್ರಿ ಎಳೆಯುತ್ತಾನೆ. ಇನ್ನು ಕಲ್ಲು, ಆಮೇಲೆ ಲಾಠಿ. ಎರಡು ಪೇಠೆಯ ಹುಡುಗರು ವಾರವಿಡೀ ಒಂದೇ ಕಟ್ಟೆಯಲ್ಲಿ ಚಹಾ ಕುಡಿದು ಭಾನುವಾರ ತಲೆ ಒಡೆದುಕೊಳ್ಳುವುದನ್ನು ‘ಈರ್ಷೆ’, ಅಂದರೆ ಛಲ, ಎಂದು ಹೊಗಳುವ ದೊಡ್ಡವರ ಮೇಲೆ ನನಗೆ ಸಿಟ್ಟಿದೆ. ಅವರ ಮಕ್ಕಳು ಪುಣೆಯಲ್ಲಿ ಓದುತ್ತಾರೆ, ಗ್ಯಾಲರಿಗೆ ಬರುವುದಿಲ್ಲ. ಗೋಡೆಯಾಚೆಯ ಮಾತು ಬಂದಾಗ ಕ್ರಿಕೆಟ್ಟೂ ನೆನಪಾಗುತ್ತದೆ. ಐಪಿಎಲ್‌ನ ಹದಿನೆಂಟನೇ ಹಂಗಾಮಿನಲ್ಲಿ ಆರ್‌ಸಿಬಿ, 2025ರ ಜೂನ್ 3ರಂದು, ಕಪ್ ಎತ್ತಿದಾಗ ನಾನು ಕಾರಖಾನೆಯ ಮುಂಬೈ ಅಭಿಮಾನಿಗಳಿಗೆಲ್ಲ ಪೇಢೆ ಹಂಚಿದ್ದೆ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಅವರೂ ಗೋಡೆಯ ಹೊರಗೇ ಇದ್ದವರು, ಹರೆಯದವರೇ ಹೆಚ್ಚು. ಪೇಢೆಯ ಡಬ್ಬಿಯಲ್ಲಿ ಇನ್ನೂ ಉಳಿದಿತ್ತು, ಯಾರಿಗೂ ಕೊಡಲಾಗಲಿಲ್ಲ.

ಇರಲಿ. ಹೊಸ ಹಂಗಾಮಿನ ನೋಂದಣಿ ಹತ್ತಿರ ಬಂದಿದೆ. ಗೋಲಿ ಈ ಸಲ ಬೀಜಗಣಿತ ದಾಟಿದ್ದಾನೆ. ಹಾಲಿನ ಹುಡುಗನಿಗೆ ಮೋಟರ್‌ಸೈಕಲ್ ಬಂದಿದೆ, ಅರ್ಧ ತಾಸು ಹೆಚ್ಚು ಮಲಗುತ್ತಾನೆ. ಆದ್ದರಿಂದ ಎಪ್ಪತ್ತನೇ ಮಿನಿಟಿನವರೆಗೆ ಎಚ್ಚರವಿರಬಹುದೆಂದು ಅಂದಾಜು. ಕೊರತೆ ಒಂದೇ, ಎಡಗಾಲಿನ ಬ್ಯಾಕ್. ಸಂಕೇಶ್ವರ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಎಡಗಾಲಿನಿಂದ ಒದೆಯುವ, ಹತ್ತನೇ ಇಯತ್ತೆ ಮುಗಿಸಿದ ಹುಡುಗನಿದ್ದರೆ ದಯವಿಟ್ಟು ಕಳಿಸಿಕೊಡಿ. ಪಗಾರ ಇಲ್ಲ. ಭಾನುವಾರ ಊಟಕ್ಕೆ ತಾಂಬಡಾ, ಪಾಂಢರಾ ರಸ್ಸಾ ಎರಡೂ ಉಂಟು. ಪೇಠೆಯವನೇ ಎಂದು ತೋರಿಸಲು ಅತ್ತೆಯ ಮನೆಯ ವಿಳಾಸ ನಾವೇ ಹುಡುಕಿಕೊಡುತ್ತೇವೆ.