ಮರುಳು ಮೀಮಾಂಸೆ: ಮೂರು ತಾಲ್ಲೂಕುಗಳ ಹುಚ್ಚುಗಳ ಲಕ್ಷಣ, ಭೇದ ಮತ್ತು ಫಲ

ಗ್ರಂಥದ ಆರಂಭದಲ್ಲಿ ನಾಲ್ಕು ಸಂಗತಿ ಹೇಳಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಮನುಷ್ಯರಿಗೆ ಹಿಡಿಯುವ ಹುಚ್ಚು. ಪ್ರಯೋಜನ, ಅದರಿಂದ ಹೊಳೆಗೆ, ಕಾನಿಗೆ, ನೆರೆಮನೆಗೆ ಆಗುವ ಉಪಕಾರ. ಸಂಬಂಧ, ಇವೆರಡರ ನಡುವಿನದು; ಅದನ್ನು ಸ್ಥಾಪಿಸುವುದೇ ಕಷ್ಟ. ಅಧಿಕಾರಿ ಎಂದರೆ ಓದಲು ಅರ್ಹನಾದವನು: ಆಶ್ಲೇಷಾ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲದೆ ಮನೆಯೊಳಗೆ ಕೂತು, ನಾಲ್ಕನೆಯ ದಿನ ಏನನ್ನಾದರೂ ಮಾಡದೆ ಇರಲಾರೆ ಎಂದು ಎದ್ದವನು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಅರ್ಹತೆ ಇಲ್ಲದವರು ವಿರಳ. ಮಂಗಳಾಚರಣೆ ಬಿಟ್ಟಿದ್ದೇನೆ. ಮೂರೂ ತಾಲ್ಲೂಕಿನ ಚೌಡಿ, ಭೂತಗಳನ್ನು ಹೆಸರು ಹಿಡಿದು ಕರೆದರೆ ಪುಟ ಸಾಲದು; ಒಂದನ್ನು ಮರೆತರೆ ತೋಟಕ್ಕೆ ಹಂದಿ ನುಗ್ಗೀತು.

ಇನ್ನು ಲಕ್ಷಣ. "ಇದರಿಂದ ನಿನಗೇನು ಬಂತು?" ಎಂದು ಕೇಳಿದಾಗ ಯಾರಿಗೆ ಉತ್ತರ ಹೊಳೆಯುವುದಿಲ್ಲವೋ, ಆದರೂ ಮರುದಿನ ಬೆಳಿಗ್ಗೆ ಯಾರು ಅದನ್ನೇ ಮಾಡಹೊರಡುತ್ತಾರೋ, ಅವರಿಗೆ ಹಿಡಿದದ್ದು ಹುಚ್ಚು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬಾರದಿರಲೆಂದು ಎರಡು ವರ್ಗವನ್ನು ಹೊರಗಿಡಬೇಕು. ಊಟದ ನಡುವೆಯೂ ಫೋನು ತೆರೆದು ರಾಶಿ ಅಡಿಕೆಯ ಧಾರಣೆ ನೋಡುವವರು ಮೊದಲನೆಯವರು. ಅವರಲ್ಲಿ ಉತ್ತರವಿದೆ, ಅದು ಹುಚ್ಚಲ್ಲ, ವ್ಯಾಧಿ. ಪರಿಸರ ಉಳಿಸುತ್ತೇವೆಂದು ಸಂಕಲ್ಪ ಮಾಡಿ ಹೊರಟವರು ಎರಡನೆಯವರು. ಅವರ ಉತ್ತರ ಹೊರಡುವ ಮೊದಲೇ ಸಿದ್ಧವಿರುತ್ತದೆ. ಅವರಿಗೆ ಕೈಮುಗಿದು ಹೊರಗೆ ಕೂರಿಸುತ್ತೇನೆ. ಈ ಗ್ರಂಥದ ಪಾತ್ರಗಳು ಬೇರೆ: ತಮ್ಮ ನಾಲಿಗೆಗೋ ಕಣ್ಣಿಗೋ ಬೇಕಾಗಿ ಹೊರಟು, ದಾರಿಯಲ್ಲಿ ತಮಗೇ ತಿಳಿಯದೆ ಊರಿಗೊಂದು ಉಪಕಾರ ಚೆಲ್ಲಿ ಬಂದವರು. ನನ್ನ ಅನುಮಾನ, ಮಲೆನಾಡಿನಲ್ಲಿ ಉಳಿದಿರುವುದರಲ್ಲಿ ದೊಡ್ಡ ಪಾಲು ಇವರ ಬಾಬತ್ತು.

ವಿಂಗಡಣೆಗೆ ಪಂಚೇಂದ್ರಿಯಗಳನ್ನೇ ಆಧಾರ ಮಾಡಿಕೊಂಡಿದ್ದೇನೆ. ಜಾತಿ, ವಯಸ್ಸು, ಎಕರೆ ಇವುಗಳ ಪ್ರಕಾರ ವಿಂಗಡಿಸಿದರೆ ಜಗಳ ಬರುತ್ತದೆ.

ಒಂದು: ರಸನಾ ಮರುಳು

ನಾಲಿಗೆಯ ಹುಚ್ಚೇ ಎಲ್ಲಕ್ಕೂ ಜ್ಯೇಷ್ಠ. ಅದರಲ್ಲೂ ಅಪ್ಪೆಮಿಡಿಯ ಹುಚ್ಚು. ಶರಾವತಿ, ವರದಾ ಮೊದಲಾದ ಹೊಳೆಗಳ ಸಾಲಿನಲ್ಲಿ ಯಾರೂ ನೆಡದೆ ಬೆಳೆದ ಕಾಡುಮಾವಿನ ಮರಗಳಿವೆ. ಅವುಗಳ ಎಳೆಮಿಡಿ ಉಪ್ಪಿನಕಾಯಿಗೆ ಸಲ್ಲುವಂಥದು. ತೊಟ್ಟು ಸಹಿತ ಇಳಿಸಬೇಕು, ಸೊನೆ ಹೋಗಬಾರದು, ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಭರಣಿಗೆ ಹಾಕಬಾರದು. ಒಂದು ಕೊಳೆತರೆ ಇಡೀ ಭರಣಿ ಹೋಯಿತು. ಉಪ್ಪಿನಲ್ಲಿ ಮಿಡಿ ಮುರುಟುವವರೆಗೆ ಕಾದು, ಅದೇ ಉಪ್ಪುನೀರಿನಲ್ಲಿ ಸಾಸಿವೆ, ಮೆಣಸು ಅರೆದು ಕೂಡಿಸಬೇಕು. ಮಿಡಿ ತರಲು ಮರ ಹತ್ತಿದವನ ಸಾಹಸ ಜಗಲಿಯಲ್ಲಿ ಹತ್ತು ವರ್ಷ ಕಥೆಯಾಗುತ್ತದೆ. ಸಾಸಿವೆ ಅರೆದ ಅತ್ತಿಗೆಯ ರಟ್ಟೆನೋವು ಅಡಿಗೆಮನೆ ದಾಟುವುದಿಲ್ಲ. ಹುಚ್ಚು ಯಾರದು, ದುಡಿಮೆ ಯಾರದು ಎಂಬ ಪ್ರತ್ಯೇಕ ಪ್ರಕರಣವನ್ನೇ ಬರೆಯಬಹುದು. ಬರೆದರೆ ನನ್ನ ಮನೆಯಲ್ಲೇ ಅದರ ಮೊದಲ ವಿಮರ್ಶೆ ಬರುವುದರಿಂದ ಮುಂದೆ ಹೋಗುತ್ತೇನೆ.

ಈ ಮರುಳರ ಮುಖ್ಯ ಗುಣ ಅತೃಪ್ತಿ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಒಂದೊಂದು ಹುಳಿ, ಒಂದೊಂದು ಬಾಳಿಕೆ. ಮರ ನಿಂತ ಜಾಗವೋ ಮರದ ಯಜಮಾನನೋ ತಳಿಗೆ ಹೆಸರಾಗುತ್ತಾನೆ. ಅನಂತಭಟ್ಟನ ಅಪ್ಪೆ ಎಂಬುದರಲ್ಲಿ ಅನಂತಭಟ್ಟರು ಭರಣಿಯಿಂದ ಭರಣಿಗೆ ಅಮರರಾಗಿದ್ದಾರೆ; ತಾಮ್ರಶಾಸನ ಬರೆಸಿದ ಅರಸರಿಗೂ ಈ ಭಾಗ್ಯವಿಲ್ಲ. ತೊಂದರೆಯೆಂದರೆ ಗೊರಟು ಬಿತ್ತಿದರೆ ತಾಯಿಮರದ ಗುಣ ಬರುತ್ತದೆಂಬ ಭರವಸೆಯಿಲ್ಲ. ಮರ ಸತ್ತರೆ ತಳಿಯೂ ಸತ್ತಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಊರುಗಳ ಜೊತೆ ಹೊಳೆಸಾಲೂ ನೀರಿನಡಿ ಸೇರಿತು. ಉಳಿದ ಮರಗಳ ಮಿಡಿಗೆ ಪೇಟೆಯಲ್ಲಿ ಬೆಲೆ ಬಂದಮೇಲೆ ಇನ್ನೊಂದು ಗಂಡಾಂತರ ಬಂತು. ಹತ್ತಿ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಗಳನ್ನೇ ಕಡಿದು ಉರುಳಿಸಿದರು.

ಇಲ್ಲಿ ಹುಚ್ಚರು ಅಡ್ಡ ಬಂದರು. ಸಾಗರ ತಾಲ್ಲೂಕಿನ ಬೇಳೂರು, ಹೊಸನಗರದ ಹಳ್ಳಿಗಳು, ಹೀಗೆ ಅಲ್ಲಲ್ಲಿ ಕೆಲವು ಕೃಷಿಕರು ಹೊಳೆಸಾಲು ಅಲೆದು, ಮೆಚ್ಚಿದ ಮರದ ಕುಡಿ ತಂದು, ಕಾಟುಮಾವಿನ ಸಸಿಗೆ ಕಸಿ ಕಟ್ಟಿ, ಕಾಡಿನಲ್ಲಿ ಚದುರಿದ್ದ ತಳಿಗಳನ್ನು ತೋಟದ ಅಂಚಿಗೆ ಕೂಡಿಹಾಕಿದರು. ವಿಜ್ಞಾನಿಗಳು ಆಮೇಲೆ ಬಂದರು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಆಮೇಲೆ ಬಂತು.

ಪೂರ್ವಪಕ್ಷ: ಇವರು ತಮ್ಮ ಉಪ್ಪಿನಕಾಯಿಗಾಗಿ ಮಾಡಿದ್ದು, ಅದರಲ್ಲಿ ಲೋಕೋಪಕಾರವೆಲ್ಲಿ? ಸಿದ್ಧಾಂತ: ತಳಿಯನ್ನು ಒಬ್ಬನೇ ಇಟ್ಟುಕೊಂಡರೆ ಒಂದು ಗಾಳಿಮಳೆಗೆ ಅದು ಮುಗಿದೀತು. ಆದ್ದರಿಂದ ಜಿಪುಣನಾದ ಅಪ್ಪೆ ಮರುಳನೂ ನಾಲ್ಕು ನೆಂಟರಿಗೆ ಕಸಿಗಿಡ ಕೊಡುತ್ತಾನೆ; ತನ್ನದು ಹೋದರೆ ಅವರಲ್ಲಿ ಕುಡಿ ಬೇಡಬಹುದಲ್ಲ. ಹೀಗೆ ಸ್ವಾರ್ಥ ತನ್ನ ಭದ್ರತೆಗಾಗಿಯೇ ಉದಾರಿಯಾಗುತ್ತದೆ. ಮೂರು ತಾಲ್ಲೂಕಿನ ದಾನಶೂರರ ಪಟ್ಟಿಯಲ್ಲಿ ಇಂಥವರು ಎಷ್ಟಿದ್ದಾರೆಂಬ ಲೆಕ್ಕ ತೆಗೆಯಬಾರದು.

ಜೇನಿನವರನ್ನೂ ಇದೇ ಪಂಗಡಕ್ಕೆ ಸೇರಿಸುತ್ತಾರೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಪೆಟ್ಟಿಗೆಗಳು ಬಹುಪಾಲು ಖಾಲಿಯಾದವು. ಆಮೇಲೂ ಖಾಲಿ ಪೆಟ್ಟಿಗೆ ತೊಳೆದು, ಮೇಣ ಸವರಿ, ಮರದ ಪೊಟರೆಗಳಲ್ಲಿ ಕುಟುಂಬ ಹುಡುಕಿಕೊಂಡು ಹೋದವರಿದ್ದಾರೆ. ತುಪ್ಪ ಅವರದು, ಹುಳ ಹೋಗಿ ಕೂತದ್ದು ಪಕ್ಕದವನ ಏಲಕ್ಕಿ ಹೂವಿನ ಮೇಲೆ. ಆ ಪಕ್ಕದವನು ಇವರೊಡನೆ ಬೇಲಿ ವ್ಯಾಜ್ಯ ನಡೆಸುತ್ತಿದ್ದರೂ ಹುಳಕ್ಕೆ ಅದು ತಿಳಿಯದು.

ಎರಡು: ಘ್ರಾಣ ಮರುಳು

ಈ ವರ್ಗ ಇದೆಯೇ ಎಂಬುದೇ ಚರ್ಚೆ. ಜೀರಿಗೆ ಅಪ್ಪೆಯ ಎಲೆ ಹಿಸುಕಿ ಮೂಸಿಯೇ ತಳಿ ಹೇಳುವವರು ತಮ್ಮನ್ನು ಇಲ್ಲಿ ಸೇರಿಸಬೇಕೆನ್ನುತ್ತಾರೆ. ಕೊನೆಗೆ ಅದು ಹೋಗುವುದು ಬಾಯಿಗೇ ಆದ್ದರಿಂದ ಅರ್ಜಿ ತಿರಸ್ಕೃತ.

ಮೂರು: ಚಾಕ್ಷುಷ ಮರುಳು

ಕಣ್ಣಿನ ಹುಚ್ಚಿನ ವಿಶೇಷವೇನೆಂದರೆ ಅದರ ವಸ್ತುವನ್ನು ಮನೆಗೆ ತರಲಾಗದು. ತಂದರೆ ಹುಚ್ಚೇ ಕೆಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಇದೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆ, ಒಂದು ಎಕರೆಗಿಂತ ಸ್ವಲ್ಪ ದೊಡ್ಡದು. ಮಳೆಗಾಲದಲ್ಲಿ ಹೊಳೆ ತುಂಬಿ ಮರಗಳು ಅರ್ಧ ಮುಳುಗಿದ ಹೊತ್ತಿಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅವುಗಳ ಮೇಲೆಯೇ ಗೂಡು ಹೂಡುತ್ತವೆ. ಬಸ್ಸಿನಿಂದ ಇಳಿದು ನೋಡುವವನಿಗೆ ಕಣ್ಣಿನ ಸುಖ. ದಡದಲ್ಲಿ ಮನೆಯಿರುವವನಿಗೆ ಹಿಕ್ಕೆಯ ನಾತ. ಘ್ರಾಣ ವರ್ಗಕ್ಕೆ ಸೇರಬೇಕಾದವರು ಯಾರಾದರೂ ಇದ್ದರೆ ಆ ನಾತವನ್ನು ಸಹಿಸಿಕೊಂಡ ಮಂಡಗದ್ದೆಯವರೇ.

ಈ ವರ್ಗದ ಪರಮೋಚ್ಚ ಉದಾಹರಣೆ ಆಗುಂಬೆಯದು. ಉರಗತಜ್ಞ ರೋಮುಲಸ್ ವಿಟೇಕರ್ 1971ರಲ್ಲಿ ಅಲ್ಲಿ ಕಾಳಿಂಗ ಸರ್ಪವನ್ನು ಕಂಡರು. ಸಾಮಾನ್ಯರು ಕಾಳಿಂಗನನ್ನು ಕಂಡರೆ ಬಂದ ದಾರಿಯಲ್ಲಿ ಓಡುತ್ತಾರೆ. ಇವರು ಮೂವತ್ತು ಚಿಲ್ಲರೆ ವರ್ಷ ಅದನ್ನೇ ತಲೆಯಲ್ಲಿಟ್ಟುಕೊಂಡು, 2005ರಲ್ಲಿ ಸಿಕ್ಕ ವಿಟ್ಲಿ ಪ್ರಶಸ್ತಿಯ ಹಣ ಹಾಕಿ ಅದೇ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. 2008ರಲ್ಲಿ ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಗಲೆಲ್ಲ ಹಿಂದೆ ನಡೆದರು. ಹಾವು ಎಲ್ಲಿ ಮಲಗಿತು, ಏನು ನುಂಗಿತು, ಯಾರ ಕೊಟ್ಟಿಗೆ ಹಿಂದೆ ಹಾದುಹೋಯಿತು ಎಂದು ಬರೆದುಕೊಂಡರು. ಕೆಲಸವಿಲ್ಲದವರು ಎನ್ನಿಸಬಹುದು. ಆದರೆ ಆ ನಡಿಗೆಯಿಂದ ಒಂದು ದೊಡ್ಡ ವಿಷಯ ತಿಳಿಯಿತು: ಮನೆಯೊಳಗೆ ಬಂದ ಕಾಳಿಂಗನನ್ನು ಹಿಡಿದು ದೂರದ ಕಾಡಿಗೆ ಒಯ್ದು ಬಿಡುವುದು ಉಪಕಾರವಲ್ಲ. ಗೊತ್ತಿಲ್ಲದ ಜಾಗದಲ್ಲಿ ಅದು ದಿಕ್ಕುತಪ್ಪಿ ಅಲೆಯುತ್ತದೆ. ಸಿಕ್ಕಿದ ಜಾಗದ ಹತ್ತಿರವೇ ಬಿಡಬೇಕು. ಅದಕ್ಕೆ ಮೊದಲು ಮನೆಯವರಿಗೆ ಅದರ ಗುಣ ವಿವರಿಸಿ ಧೈರ್ಯ ಹೇಳಬೇಕು. ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆ ಕಾಯುವ ಹಾವು ಇದು ಎಂದು ತಿಳಿದಮೇಲೆ, ಗೂಡಿಗೆ ಬಲೆ ಕಟ್ಟಿ ಮರಿ ಹೊರಬರುವವರೆಗೆ ಕಾವಲಿರುವ ಕೆಲಸವೂ ಶುರುವಾಯಿತು. ಪಶ್ಚಿಮಘಟ್ಟದ ಕಾಳಿಂಗ ತಾನೇ ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಪ್ರಕಟಿಸಿದ ವಿಜ್ಞಾನಿಗಳಲ್ಲಿ ಆಗುಂಬೆಯಲ್ಲಿ ವರ್ಷಾನುಗಟ್ಟಲೆ ಇದೇ ಹಾವಿನ ಹಿಂದೆ ಬಿದ್ದ ಪಿ. ಗೌರಿಶಂಕರ್ ಒಬ್ಬರು. ಇಷ್ಟೆಲ್ಲ ನಡೆದದ್ದು ಊರವರು ಹಾವನ್ನು ಮೊದಲಿಂದಲೂ ಕೊಲ್ಲದೆ ಬಿಟ್ಟಿದ್ದರಿಂದ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕಿತ್ತು. ಅದು ಅಡಿಟಿಪ್ಪಣಿಗೆ ತಕ್ಕ ಸಣ್ಣ ವಿಷಯವಲ್ಲವಾದ್ದರಿಂದ ಇಲ್ಲೇ ಹೇಳಿದೆ.

ಇಲ್ಲಿ ರೂಪಾಂತರ ವಾದವನ್ನೂ ಸೇರಿಸಬೇಕು. ಹುಚ್ಚು ಸಾಯುವುದಿಲ್ಲ, ಸಲಕರಣೆ ಬದಲಾಯಿಸುತ್ತದೆ. ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ಕೋವಿ ಹಿಡಿದು ಕಾಡು ಸುತ್ತಿದವರು. ಆಮೇಲೆ ಅದೇ ಗುರಿ, ಅದೇ ತಾಳ್ಮೆ ಕ್ಯಾಮೆರಾಕ್ಕೆ ವರ್ಗವಾಯಿತು. ಹಕ್ಕಿ ಅಲ್ಲೇ ಕೂತಿತ್ತು, ಈ ಸಲ ಹಾರಿಯೂ ಹೋಯಿತು. ಬೇಟೆಗಾರರಿಗೆ ಉಪದೇಶ ಮಾಡುವವರು ಈ ಪ್ರಕರಣವನ್ನು ಗಮನಿಸತಕ್ಕದ್ದು.

ನಾಲ್ಕು: ಶ್ರಾವಣ ಮರುಳು

ಮಾತು ಕೇಳುವ, ಕೇಳಿಸುವ ಹುಚ್ಚು. ಮೂರು ತಾಲ್ಲೂಕಿನಲ್ಲಿ ತಾಳಮದ್ದಲೆಯಿಂದ ಹಿಡಿದು ಗ್ರಾಮ ಪಂಚಾಯಿತಿ ಭಾಷಣದವರೆಗೆ ಇದರ ಅವಾಂತರ ಭೇದಗಳು ಅಸಂಖ್ಯ. ಹೆಗ್ಗೋಡಿನ ಕೆಲವರು 1949ರಲ್ಲಿ ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದಾಗ ಅದು ಹವ್ಯಾಸಿ ನಾಟಕದ ಹುಚ್ಚು, ಅಷ್ಟೆ. ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಅದು ಬೆಳೆದ ಬಗೆಗೆ ಮಿತಿಯೇ ಇರಲಿಲ್ಲ. 1973ರಲ್ಲಿ ಚಿತ್ರಸಮಾಜ ಬಂತು. ಕೊನೆಕೊಯ್ಲು ಮುಗಿಸಿದವರು ಸಂಜೆ ಕುರೊಸಾವಾ, ಸತ್ಯಜಿತ್ ರಾಯ್ ಸಿನಿಮಾ ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ.

"ಸಮುದಾಯಕ್ಕೆ ಉಪಕಾರ ಒಪ್ಪಿದೆವು, ಪರಿಸರಕ್ಕೇನು?" ಎಂದು ಪೂರ್ವಪಕ್ಷಿ ಕೇಳುತ್ತಾನೆ. ಉತ್ತರ ಚೊಗರಿನಲ್ಲಿದೆ. ಹಸಿ ಅಡಿಕೆ ಸುಲಿದು ಬೇಯಿಸಿದ ಕೆಂಪುನೀರು ಚೊಗರು. ಅಡಿಕೆಗೆ ಬಣ್ಣ ಕಟ್ಟಿ ಮಿಕ್ಕದ್ದು ಅಂಗಳದಾಚೆಗೆ. ನಾಟಕದ ಹುಚ್ಚಿನಿಂದ ಹೆಗ್ಗೋಡಿಗೆ ಬಂದು ನೆಲೆಸಿದ ನಿರ್ದೇಶಕ ಪ್ರಸನ್ನ ಪಕ್ಕದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರಿ ಸಂಘ ಕಟ್ಟಲು ನಿಂತರು. 1996ರಲ್ಲಿ ಶುರುವಾದ ಆ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ಚೊಗರು, ದಾಳಿಂಬೆ ಸಿಪ್ಪೆ ಮೊದಲಾದ ಸಹಜ ಬಣ್ಣಗಳನ್ನು ಹಾಕುತ್ತಾರೆ. ಅಂಗಳದಾಚೆ ಹೋಗುತ್ತಿದ್ದ ನೀರು ಅಂಗಿಯಾಗಿ ಬೆಂಗಳೂರು ಸೇರಿತು. ನಾಟಕ ನೋಡಲು ಬಂದವರು ಹೋಗುವಾಗ ಅದನ್ನು ತೊಟ್ಟು ಹೋದರು. ಒಂದು ಹುಚ್ಚಿನ ಹೊಟ್ಟೆಯಲ್ಲಿ ಇನ್ನೊಂದು ಹುಚ್ಚು ಹುಟ್ಟುವುದಕ್ಕೆ ಇದಕ್ಕಿಂತ ಸ್ಪಷ್ಟ ಪ್ರಮಾಣ ಬೇಡ. ತಾಯಿಹುಚ್ಚಿಗೆ ಮಗುವಿನ ಕುಲಗೋತ್ರ ತಿಳಿದಿರುವುದಿಲ್ಲ ಎಂಬುದೇ ಇದರ ಸ್ವಾರಸ್ಯ.

ಐದು: ಸ್ಪಾರ್ಶನ ಮರುಳು

ಇಲ್ಲಿ ಶಾಸ್ತ್ರ ಬಿರುಕು ಬಿಡುತ್ತದೆ. ಮಲೆನಾಡು ಗಿಡ್ಡದ ಗಂಗೆದೊಗಲು ತುರಿಸುತ್ತ ಸಂಜೆ ಕಳೆಯುವವರನ್ನು ಸ್ಪರ್ಶಕ್ಕೆ ಸೇರಿಸಬಹುದು. ಒಂದೆರಡು ಲೀಟರು ಹಾಲಿಗೆ ಈ ದನ ಯಾಕೆಂದು ಕೇಳಿದರೆ ಅವರು ಗೊಬ್ಬರಗುಂಡಿಯತ್ತ ಕೈ ತೋರಿಸುತ್ತಾರೆ. ಹೊಸನಗರದ ರಾಮಚಂದ್ರಾಪುರ ಮಠ 2007ರಲ್ಲಿ ವಿಶ್ವ ಗೋಸಮ್ಮೇಳನವನ್ನೇ ನಡೆಸಿತು. ಆದರೆ ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ? ಅದು ಕೈಯ ಹುಚ್ಚು. ಕೈ ಜ್ಞಾನೇಂದ್ರಿಯವಲ್ಲ, ಕರ್ಮೇಂದ್ರಿಯ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಗುರಿಗೆಯ ಹಳದಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಅದೇ ಕೈ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತದೆ, ಆ ಬುಟ್ಟಿಯಲ್ಲಿ ಒಯ್ದ ಚರಗವನ್ನು ಗದ್ದೆಗೆ ಬೀರುತ್ತಾರೆ, ಹಕ್ಕಿ ಇಲಿ ಇರುವೆ ಎಲ್ಲಕ್ಕೂ ಪಾಲು. ಈ ಬಣ್ಣಗಳಿಗಾಗಿ ಗುರಿಗೆ ಮರ ಇನ್ನೂ ನಿಂತಿದೆಯೆಂದರೆ ವರ್ಗೀಕರಣ ಹಾಳಾದರೂ ಚಿಂತೆಯಿಲ್ಲ.

ಹುಚ್ಚಾಭಾಸ ಪ್ರಕರಣ

ಹುಚ್ಚಿನಂತೆ ತೋರಿ ಹುಚ್ಚಲ್ಲದವು. ಸೀತಾಳೆದಂಡೆ ಚೆಂದವೆಂದು ಮರದಿಂದ ಕಿತ್ತು ತಂದು ಬಾಲ್ಕನಿಯಲ್ಲಿ ಒಣಗಿಸುವುದು. ಗೂಡಿನ ಎಲೆ ಸರಿಸಿ ಮರಿಯ ಫೋಟೋ ತೆಗೆಯುವುದು. ಮುಂಗಾರಿನ ಮೊದಲ ನೀರಿಗೆ ಮೊಟ್ಟೆ ಹೊತ್ತು ಮೇಲೇರುವ ಹತ್ತುಮೀನಿಗೆ ಕೂಣಿ ಒಡ್ಡಿ, ಒಂದು ಮೀನೂ ಮೇಲೆ ಹೋಗದಂತೆ ಹೊಳೆ ಬಳಿಯುವುದು. ಕೊನೆಯದರ ಎದುರಿಗೆ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯನ್ನು ಇಡಬಹುದು. ಮೀನಿಗಾಗಿ ಜೀವ ಬಿಡುವ ಊರಿನವರೇ ತುಂಗೆಯ ಆ ಒಂದು ಮಡುವಿನಲ್ಲಿ ಮಂಡಕ್ಕಿ ಎರಚಿ ಕೈಕಟ್ಟಿ ನಿಲ್ಲುತ್ತಾರೆ. ಬಂಡೆಯ ಮೇಲೆ ಹೆಸರು ಕೆತ್ತುವುದೂ ಆಭಾಸವೇ. ಕವಿಶೈಲದಲ್ಲಿ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಹಸ್ತಾಕ್ಷರಗಳಿವೆಯಲ್ಲ ಎಂದು ಕುತರ್ಕ ಮಾಡಬಾರದು. ಅಂಥ ಕಾವ್ಯ ಬರೆದವರು ಬಂದು ಅರ್ಜಿ ಹಾಕಲಿ, ಆಗ ನೋಡೋಣ.

ಶೇಷ: ಯಾವುದಕ್ಕೂ ಸೇರದ ಒಂದು

ಕೊನೆಗೆ ಮಳೆ ಅಳೆಯುವವರು ಉಳಿದರು. ಅಂಗಳದಲ್ಲೊಂದು ಮಳೆಮಾಪಕ, ಗೋಡೆಗೆ ನೇತುಹಾಕಿದ ನೋಟ್‌ಬುಕ್ಕು. ಬೆಳಿಗ್ಗೆ ಎಂಟೂವರೆಗೆ ಛತ್ರಿ ಹಿಡಿದು ಹೋಗಿ ಮಿಲಿಮೀಟರು ಬರೆಯುವುದು, ತಂದೆ ಬರೆದ ಹಳೆಯ ಪುಸ್ತಕ ತೆಗೆದು ಹೋಲಿಸುವುದು. ಇದರಲ್ಲಿ ಯಾವ ಇಂದ್ರಿಯಕ್ಕೂ ಸುಖವಿಲ್ಲ; ಮನಸ್ಸನ್ನು ಆರನೆಯದೆಂದು ಒಪ್ಪಿದರೆ ಮಾತ್ರ ಜಾಗ ಸಿಕ್ಕೀತು. ಉಪಕಾರ ಮಾತ್ರ ದೊಡ್ಡದು. ಎಷ್ಟು ದಿನ ಬಿಡದೆ ಹೊಯ್ದಿದೆ, ಹೊಳವು ಯಾವಾಗ ಸಿಕ್ಕೀತು, ಕೊಳೆರೋಗಕ್ಕೆ ಬೋರ್ಡೋ ಹೊಡೆಸುವುದು ಇಂದೋ ನಾಳೆಯೋ ಎಂದು ಇಡೀ ಕೇರಿ ಆ ಪುಸ್ತಕ ಇರುವ ಮನೆಗೇ ಫೋನು ಮಾಡುತ್ತದೆ.

ಆದರೆ ಇದೇ ಹುಚ್ಚಿನಿಂದ ಎರಡು ತಾಲ್ಲೂಕುಗಳ ನಡುವೆ ವೈಮನಸ್ಯವೂ ಹುಟ್ಟಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಚೀಚೆ ಮಳೆ ಕಾಣುವ ಆಗುಂಬೆಗೆ ದಕ್ಷಿಣದ ಚಿರಾಪುಂಜಿ ಎಂಬ ಬಿರುದು ಹಳೆಯದು, ಅದು ತೀರ್ಥಹಳ್ಳಿಯವರದು. ಹೊಸನಗರದವರು ಹುಲಿಕಲ್ಲಿನ ಲೆಕ್ಕ ಮುಂದಿಟ್ಟು, ಎಷ್ಟೋ ವರ್ಷ ತಾವೇ ಮೇಲೆಂದು ಸಾಧಿಸುತ್ತಾರೆ. ಎರಡೂ ಕಡೆಯ ನೋಟ್‌ಬುಕ್ಕುಗಳನ್ನು ನೋಡಿದ್ದೇನೆ, ಎರಡೂ ಒದ್ದೆಯಾಗಿದ್ದವು. ತೀರ್ಪು ಕೊಟ್ಟರೆ ಒಂದು ತಾಲ್ಲೂಕಿನಲ್ಲಿ ಊಟ ತಪ್ಪುವುದು ಖಚಿತವಾದ್ದರಿಂದ ಈ ಗ್ರಂಥವನ್ನು ಸಾಗರದಲ್ಲಿ ಕೂತು ಬರೆಯಲಾಗಿದೆ.