ಹದಿನಾರೋ, ಇಪ್ಪತ್ನಾಲ್ಕೋ

ನಾನು ಕಂಪ್ಯೂಟರಿನಿಂದ ಮಾಡಿಸುವ ಅತಿ ಭಾರದ ಕೆಲಸವೆಂದರೆ ‘ಲಕ್ಷ್ಮೀ’ ಎಂದು ಬರೆಸುವುದು. ಒತ್ತಕ್ಷರಗಳು ಒಂದರ ಕೆಳಗೊಂದು ತೆಪ್ಪಗೆ ಕೂತು, ಗುಡಿಸಿನ ದೀರ್ಘ ಪಕ್ಕದ ಸಾಲಿಗೆ ಹಾರದಿದ್ದರೆ ಅಂದಿನ ಮಟ್ಟಿಗೆ ವಿಜ್ಞಾನ ನನಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಂತೆ. ಇಂಥವನು ಪ್ರೊಸೆಸರುಗಳಲ್ಲಿ ಕೋರ್ ಐ9-13900ಕೆ ದೊಡ್ಡದೋ, ರೈಜನ್ 9 7950ಎಕ್ಸ್ ದೊಡ್ಡದೋ ಎಂಬ ವಿಷಯದಲ್ಲಿ ಮೂರನೇ ಮಹಡಿಯ ರಾಯರ ಜೊತೆ ಮಾತು ಬಿಡುವ ಮಟ್ಟಕ್ಕೆ ಹೋದನೆಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಈಗಾಗಲೇ ಸಾಕಷ್ಟು ನಕ್ಕಾಗಿದೆ.

ಮೂಲ ಕಾರಣ ಮಗಳು. ಅವಳದು ಆನಿಮೇಷನ್ ಉದ್ಯೋಗ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಒಂದು ಬೆಕ್ಕು ಮಾಡುತ್ತಾಳೆ, ಬೆಕ್ಕಿಗೆ ಕೂದಲು ಅಂಟಿಸುತ್ತಾಳೆ, ಆ ಕೂದಲಿನ ಮೇಲೆ ಬೆಳಕು ಬೀಳಿಸುತ್ತಾಳೆ. ಆಮೇಲೆ ‘ರೆಂಡರ್’ ಎಂದು ಒತ್ತಿ ಊಟಕ್ಕೆ ಬರುತ್ತಾಳೆ. ಊಟ ಮುಗಿದು, ಬಟ್ಟಲು ತೊಳೆದು, ಹಾಲಿಗೆ ಹೆಪ್ಪು ಹಾಕಿದರೂ ಬೆಕ್ಕಿನ ಬಾಲ ಇನ್ನೂ ಮೂಡಿರುತ್ತಿರಲಿಲ್ಲ. ಹೊಸ ಯಂತ್ರ ಬೇಕೆಂದಳು. 2022ರ ಸೆಪ್ಟೆಂಬರಿನಲ್ಲಿ ಎಎಂಡಿಯವರ 7950ಎಕ್ಸ್ ಬಂದಿತ್ತು, ಮರುತಿಂಗಳೇ ಇಂಟೆಲ್‌ನವರ 13900ಕೆ. ಒಂದಕ್ಕೆ ಹದಿನಾರು ಕೋರ್, ಇನ್ನೊಂದಕ್ಕೆ ಇಪ್ಪತ್ನಾಲ್ಕು. ಬ್ಯಾಂಕಿನಲ್ಲಿ ಸವೆದ ನನಗೆ ಇಷ್ಟು ಲೆಕ್ಕ ಬಾರದೇ? ಇಪ್ಪತ್ನಾಲ್ಕೇ ಹೆಚ್ಚು, ಅದನ್ನೇ ತಗೋ ಎಂದೆ. ಅದರ ಮೇಲೆ, ಬಿಡುಗಡೆಯ ದಿನದ ಬೆಲೆಯಲ್ಲೂ ಅದೇ ಅಗ್ಗ: ಇಂಟೆಲ್‌ನದು 589 ಡಾಲರ್, ಎಎಂಡಿಯದು 699.

“ಅಪ್ಪಾ, ಕೋರ್ ಅಂದ್ರೆ ಎಲ್ಲಾ ಒಂದೇ ಅಲ್ಲ” ಎಂದಳು. ಅವಳು ಹೇಳಿದ್ದು ತಲೆಗೆ ಹತ್ತಬೇಕಾದರೆ ನಾನು ಅದನ್ನು ಮದುವೆಮನೆಯ ಅಡುಗೆ ಕೊಟ್ಟಿಗೆಗೆ ಒಯ್ಯಬೇಕಾಯಿತು. ಇಂಟೆಲ್ ಕೊಟ್ಟಿಗೆಯಲ್ಲಿ ಎಂಟು ಜನ ಪಳಗಿದ ಭಟ್ಟರು, ಹದಿನಾರು ಜನ ಸಹಾಯಕರು. ಭಟ್ಟರ ಕೈಯ ವೇಗ 5.8 ಗಿಗಾಹರ್ಟ್ಸ್‌ವರೆಗೂ ಏರುತ್ತದೆ. ತರಕಾರಿ ಹೆಚ್ಚುವವರದು 4.3ಕ್ಕೇ ನಿಲ್ಲುತ್ತದೆ. ಭಟ್ಟರು ಒಬ್ಬೊಬ್ಬರೂ ಎರಡೆರಡು ಒಲೆ ನೋಡಿಕೊಳ್ಳಬಲ್ಲರು, ಸಹಾಯಕರಿಗೆ ಒಂದೇ. ಯಾರ ಕೈಗೆ ಹೋಳಿಗೆ, ಯಾರ ಕೈಗೆ ಹುರುಳಿಕಾಯಿ ಎಂದು ವಿಂಡೋಸ್‌ಗೆ ಸನ್ನೆ ಮಾಡಲು ಥ್ರೆಡ್ ಡೈರೆಕ್ಟರ್ ಎಂಬ ಯಜಮಾನನೂ ಒಬ್ಬನಿದ್ದಾನೆ. ಎಎಂಡಿಯಲ್ಲಿ ಸಹಾಯಕರೇ ಇಲ್ಲ. ಹದಿನಾರೂ ಜನ ಭಟ್ಟರೇ, 5.7 ಗಿಗಾಹರ್ಟ್ಸ್‌ವರೆಗೆ ಕೈ ಓಡಿಸುವವರು, ತಲೆಗೆ ಎರಡು ಒಲೆ. ಆದರೆ ಕೊಟ್ಟಿಗೆ ಎರಡು, ಒಂದೊಂದರಲ್ಲಿ ಎಂಟೆಂಟು ಜನ. ಈ ಕೊಟ್ಟಿಗೆಯವರು ಆ ಕೊಟ್ಟಿಗೆಯಿಂದ ಉಪ್ಪು ಕೇಳಬೇಕೆಂದರೆ ನಡುವಿನ ಅಂಗಳ ದಾಟಿಯೇ ಹೋಗಬೇಕು, ಅಷ್ಟು ಹೊತ್ತು ದಂಡ. ಒಟ್ಟು ಒಲೆ ಎಣಿಸಿದೆ. ಎಂಟೆರಡಲ ಹದಿನಾರು, ಅದಕ್ಕೆ ಹದಿನಾರು ಕೂಡಿಸಿದರೆ ಮೂವತ್ತೆರಡು. ಅತ್ತ ಹದಿನಾರೆರಡಲ ಮೂವತ್ತೆರಡು. ಎರಡು ಮನೆಯಲ್ಲೂ ಮೂವತ್ತೆರಡೇ ಒಲೆ! ಇಷ್ಟಾದ ಮೇಲೆ ನಾನು ಇಂಟೆಲ್ ಪಕ್ಷದಲ್ಲೇ ಉಳಿಯಲು ಇದ್ದ ಒಂದೇ ಕಾರಣವೆಂದರೆ ರಾಯರು ಎಎಂಡಿ ಪಕ್ಷದಲ್ಲಿದ್ದದ್ದು.

ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಮಗಳೂ ನಾನೂ ಹೋದೆವು. ಮೆಜೆಸ್ಟಿಕ್ಕಿನಲ್ಲಿ ಇಳಿದು ನಡೆದರೆ ಬೆವರುವಷ್ಟು ದೂರ. ಅಂಗಡಿಯ ಹುಡುಗ ಎರಡನ್ನೂ ತೋರಿಸಿದ. ರೈಜನ್ನಿನ ಲೋಹದ ಮುಚ್ಚಳಕ್ಕೆ ಸುತ್ತಲೂ ಕಚ್ಚುಗಳು. ಆ ಸಂದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳು ಇಣುಕುತ್ತಿದ್ದವು. “ಪೇಸ್ಟ್ ಜಾಸ್ತಿ ಹಾಕಿದ್ರೆ ಇಲ್ಲೆಲ್ಲಾ ಇಳಿಯುತ್ತೆ ಸಾರ್, ಆಮೇಲೆ ಬಡ್ಸ್ ತಗೊಂಡು ತೆಗೀತಾ ಕೂತ್ಕೋಬೇಕು” ಎಂದ. ಇಂಟೆಲ್‌ನದು ಕಚ್ಚಿಲ್ಲದ ಮುಚ್ಚಳ, ಒರೆಸಲು ಸುಲಭ. ಎರಡರ ಡಬ್ಬಿಯಲ್ಲೂ ಕೂಲರ್ ಇರುವುದಿಲ್ಲ. ಇಷ್ಟು ದುಡ್ಡು ಕೊಟ್ಟ ಮೇಲೆ ಒಂದು ಫ್ಯಾನಾದರೂ ಬೇಡವೇ ಎಂದೆ. ಹುಡುಗ ನನ್ನನ್ನು ಮರುಕದಿಂದ ನೋಡಿ ಮೂರು ಫ್ಯಾನಿನ ನೀರಿನ ಕೂಲರ್ ಎಳೆದು ತೋರಿಸಿದ. ಅದು ಮನೆಗೆ ಬಂದಾಗ ನಮ್ಮತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೀರು ಎಲ್ಲಿ ಹುಯ್ಯೋದು ಎಂದು ಕೇಳಿದರು.

ಪರೀಕ್ಷೆಯ ಅಂಕದಲ್ಲೂ ಇತ್ಯರ್ಥವಾಗಲಿಲ್ಲ. ಸಿನೆಬೆಂಚ್ ಆರ್23 ಎಂಬ ಪರೀಕ್ಷೆಯಲ್ಲಿ ಎರಡೂ 38,000ದಿಂದ 40,000ದ ಆಸುಪಾಸು. ಇಂಟೆಲ್ ಒಂದು ಕೂದಲೆಳೆ ಮುಂದೆ. ನನಗಂತೂ ಇವರ ಜಗಳಕ್ಕಿಂತ ಇವರ ನೆಂಟಸ್ತಿಕೆಯೇ ಸ್ವಾರಸ್ಯವಾಗಿ ಕಂಡಿತು. ಫೇರ್‌ಚೈಲ್ಡ್ ಎಂಬ ಒಂದೇ ಕಂಪನಿಯಿಂದ ಹೊರಬಿದ್ದವರು 1968ರಲ್ಲಿ ಇಂಟೆಲ್ ಕಟ್ಟಿದರು, ಮರುವರ್ಷ ಎಎಂಡಿ. ಐಬಿಎಂ ಪಿಸಿಯ ಕಾಲಕ್ಕೆ ಇಂಟೆಲ್‌ನ ಚಿಪ್ಪನ್ನು ಪರವಾನಗಿ ಪಡೆದು ಎಎಂಡಿಯೂ ಮಾಡಿತು. ಬಳಿಕ ಕೋರ್ಟು ಕಚೇರಿ ಎಲ್ಲ ಆಯಿತು. 2003ರಲ್ಲಿ ಎಎಂಡಿ ತಂದ 64 ಬಿಟ್ ವಿಧಾನವನ್ನು ಇಂಟೆಲ್ಲೂ ಒಪ್ಪಿಕೊಳ್ಳಬೇಕಾಯಿತು. ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಇಂಟೆಲ್‌ನಲ್ಲಿ ಪೆಂಟಿಯಂ ಹೊರತಂದು ಹೆಸರಾದವರು. ಮುಂದೆ ನೆಕ್ಸ್‌ಜೆನ್ ಸೇರಿ, ಅದನ್ನು ಎಎಂಡಿ ಕೊಂಡಾಗ ಆ ಮನೆಯ ಕೆ6ಗೂ ಕೈ ಹಚ್ಚಿದರು. ನಮ್ಮ ಬೆಂಗಳೂರಿನಲ್ಲೂ ಎರಡರ ದೊಡ್ಡ ವಿನ್ಯಾಸ ಕೇಂದ್ರಗಳಿವೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಜಿಯಾನ್ 7400 ಇಲ್ಲೇ ರೂಪುಗೊಂಡದ್ದು. ಎಎಂಡಿಯವರು 2023ರ ನವೆಂಬರಿನಲ್ಲಿ ತಮ್ಮ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲೇ ತೆರೆದರು. ನಮ್ಮ ಕಟ್ಟಡದಲ್ಲಿ ರಾಯರ ಸೊಸೆ ಒಂದರಲ್ಲಿ, ಎದುರುಮನೆಯ ಹುಡುಗ ಇನ್ನೊಂದರಲ್ಲಿ. ಬೆಳಗ್ಗೆ ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದು ಒಂದೇ ಟ್ರಾಫಿಕ್‌ನಲ್ಲಿ ನಿಲ್ಲುತ್ತಾರೆ. ವೈರ ಏನಿದ್ದರೂ ರಾಯರಿಗೂ ನನಗೂ.

ಕೊನೆಗೆ ಯಾವುದನ್ನು ಕೊಂಡೆವು ಎಂದು ಹೇಳುವುದಿಲ್ಲ. ಈ ಲೇಖನ ರಾಯರೂ ಓದುತ್ತಾರೆ.

ಜೋಡಿಸಿದ್ದಾಯಿತು, ಕುಂಕುಮ ಹಚ್ಚಿದ್ದಾಯಿತು, ಮಗಳು ಬಟನ್ ಒತ್ತಿದಳು. ಫ್ಯಾನುಗಳು ತಿರುಗಿದವು, ಬಣ್ಣದ ದೀಪಗಳು ಹತ್ತಿದವು, ಪರದೆ ಮಾತ್ರ ಕಪ್ಪು. ಕಾದೆವು, ಕಪ್ಪು. ಅತ್ತೆ ದೃಷ್ಟಿ ನಿವಾಳಿಸಲು ಮೆಣಸಿನಕಾಯಿ ತರಲು ಎದ್ದರು. ಡಿಡಿಆರ್5 ಮೆಮೊರಿ ಹೊಸದಾಗಿ ಕೂತಾಗ ಯಂತ್ರವು ಅದರ ಜೊತೆ ಹೊಂದಿಕೊಳ್ಳುವ ತಾಲೀಮು ನಡೆಸುತ್ತದಂತೆ. ನಿಮಿಷಗಟ್ಟಲೆ ಹಿಡಿದರೂ ಗಾಬರಿ ಬೀಳಬಾರದಂತೆ. ಇದನ್ನು ಮಗಳು ನನಗೆ ಹೇಳಿದ್ದು ಪರದೆ ಬೆಳಗಿದ ಮೇಲೆ. ಅಷ್ಟರಲ್ಲಿ ನಾನು ಅಂಗಡಿಗೆ ಫೋನು ಮಾಡಿ, ಗ್ರಾಹಕರ ನ್ಯಾಯಾಲಯದ ಹೆಸರೂ ಎತ್ತಿಯಾಗಿತ್ತು.

ಬಿಸಿಯ ವಿಷಯಕ್ಕೆ ಬಂದರೆ ಇಬ್ಬರೂ ಒಂದೇ ಮಣ್ಣಿನವರು. 7950ಎಕ್ಸ್ ಪೂರ್ತಿ ದುಡಿಯುವಾಗ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆಯೇ ಮಾಡಿದ್ದಾರೆ. 13900ಕೆಯ ಗೆರೆ 100. ವಿದ್ಯುತ್ತು ಅದಕ್ಕೆ 230 ವಾಟ್‌ವರೆಗೆ, ಇದಕ್ಕೆ 253. ಗ್ರಾಫಿಕ್ಸ್ ಕಾರ್ಡಿನದು ಇನ್ನೂರು ಚಿಲ್ಲರೆ ಬೇರೆ. ನಮ್ಮ ಹಳೆಯ 600 ವಿಎ ಯುಪಿಎಸ್ ಹೊರುವುದು 360 ವಾಟ್ ಮಾತ್ರ. ಒಂದು ಮಳೆಯ ಸಂಜೆ ಬೆಕ್ಕು ರೆಂಡರ್ ಆಗುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಒಮ್ಮೆ ಕಿರುಚಿ ಕೈಚೆಲ್ಲಿತು. ಬಾಲದ ತುದಿಯಷ್ಟೇ ಬಾಕಿಯಿತ್ತಂತೆ. ಮಗಳು ಆಮೇಲೆ ಬಯಾಸ್‌ಗೆ ಹೋಗಿ ವಿದ್ಯುತ್ತಿನ ಮಿತಿಯನ್ನೇ ಇಳಿಸಿದಳು. ವೇಗ ಅಂಥದ್ದೇನೂ ಕಡಿಮೆಯಾಗಲಿಲ್ಲ, ಫ್ಯಾನಿನ ಬೊಬ್ಬೆ ಮಾತ್ರ ನಿಂತಿತು. ಕೊನೆಯ ಒಂದು ಹಿಡಿ ಅಂಕಕ್ಕಾಗಿ ಇವರಿಬ್ಬರೂ ಎಷ್ಟು ಕರೆಂಟು ಸುಡುತ್ತಾರೆಂಬುದು ನನಗೆ ಅರ್ಥವಾದದ್ದು ಆಗಲೇ. ಅದನ್ನು ಬಿಟ್ಟರೆ ಇಬ್ಬರೂ ಒಳ್ಳೆಯವರು.

ಮಗಳು ಆಫೀಸಿಗೆ ಹೋದ ಮೇಲೆ ನಾನೂ ಆ ಯಂತ್ರದ ಮುಂದೆ ಕೂರುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪಿಸುತ್ತ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೂವತ್ತೆರಡು ಚೌಕಗಳಲ್ಲಿ ಗೆರೆಗಳು ನೆಲ ಕಚ್ಚಿ ಮಲಗಿರುತ್ತವೆ. ಬಳಕೆ ಶೇಕಡ ಒಂದು. ‘ಲಕ್ಷ್ಮೀ’ ಬರೆದಾಗಲಾದರೂ ಒಬ್ಬ ಭಟ್ಟರು ಎದ್ದು ಕೂರಬಹುದೆಂದು ಆಸೆ ಪಟ್ಟೆ. ಇಲ್ಲ.

2024 ರಾಯರಿಗೆ ಹಬ್ಬದ ವರ್ಷ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್ಪುಗಳು ಕೆಲವು ಕಡೆ ಹೆಚ್ಚಿನ ವೋಲ್ಟೇಜಿನಿಂದ ಹದಗೆಡುತ್ತಿವೆ ಎಂದು ಕಂಪನಿಯೇ ಒಪ್ಪಿ, ಹೊಸ ಮೈಕ್ರೋಕೋಡ್ ಕೊಟ್ಟು, ಗ್ಯಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ರಾಯರು ಮೆಟ್ಟಿಲಿಳಿದು ಬಂದು ಆ ಸುದ್ದಿಯನ್ನು ಮೂರು ಸಲ ಓದಿ ಹೇಳಿದರು. ಅದೇ ವರ್ಷ ಎಎಂಡಿಯ ಹೊಸ 9950ಎಕ್ಸ್ ಹಳೆಯ ಎಎಂ5 ಬೋರ್ಡಿನಲ್ಲೇ ಕೂತಿತು. ಇಂಟೆಲ್‌ನ 285ಕೆಗೆ ಬೋರ್ಡೇ ಬೇರೆ ಬೇಕಾಯಿತು. ನಾನೂ ಬಿಡಲಿಲ್ಲ. ಎಎಂ5ಗೆ ಡಿಡಿಆರ್5 ಕೊಳ್ಳದೆ ಗತಿಯಿರಲಿಲ್ಲ, 13900ಕೆಗಾದರೆ ಹಳೆಯ ಡಿಡಿಆರ್4 ಹಾಕುವ ಬೋರ್ಡೂ ಸಿಗುತ್ತಿತ್ತು, ಬಡವರ ಕಷ್ಟ ನಿಮಗೇನು ಗೊತ್ತು ಎಂದೆ.

ಇಷ್ಟೆಲ್ಲ ವಾದಿಸುವ ರಾಯರ ಮನೆಯಲ್ಲಿರುವುದು ಇಂದಿಗೂ ಒಂದು ಕೋರ್ 2 ಡುಯೋ. ಪಂಚಾಂಗ ನೋಡುವುದು, ಹಳೆಯ ಹಾಡು ಕೇಳುವುದು, ಅಷ್ಟೇ. ಅದೂ ಇಂಟೆಲ್‌ನದೇ ಅಲ್ಲವೇ ಎಂದು ನಾನು ಕೆಣಕಿದೆ.

“ನಾನೂ ರೈಜನ್ ತಗೊಳ್ಳೋನೇ” ಎಂದರು ರಾಯರು. “ಆದ್ರೆ ಈಗ ಯಾರಾದ್ರೂ ತಗೋತಾರಾ? ಮುಂದಿನದು ಬರ್ಲಿ, ತಡೀರಿ.”