ಕೆಂಪು ಪೆನ್ನಿನ ಮುಖಂಡರು

ಜೂನ್‌ನಿಂದ ಫೆಬ್ರವರಿವರೆಗೆ ಅವರು ಬರೀ ಅರ್ಥಶಾಸ್ತ್ರದ ಮೇಷ್ಟ್ರು. ಮಾರ್ಚ್ ಬಂತೆಂದರೆ ಪಿಯು ಉಪನ್ಯಾಸಕರ ಮುಖಂಡರು. ಜೇಬಿಗೆ ಕೆಂಪು ಪೆನ್ನು, ಕೈಚೀಲಕ್ಕೆ ಸಂಘದ ಲೆಟರ್‌ಹೆಡ್ಡು. ಎರಡರಲ್ಲಿ ಮೊದಲು ಖಾಲಿಯಾಗುವುದು ಲೆಟರ್‌ಹೆಡ್ಡು.

"ಪಾಠ ನಿಲ್ಲಿಸಿದರೆ ಹುಡುಗರಿಗೆ ಖುಷಿ, ಸರ್ಕಾರಕ್ಕೆ ಗೊತ್ತೇ ಆಗಲ್ಲ. ಪೇಪರ್ ತಿದ್ದೋದು ನಿಲ್ಲಿಸಿ ನೋಡಿ! ಸಿಇಟಿಯವರು, ಅಪ್ಪ-ಅಮ್ಮ, ಟಿವಿಯವರು ಎಲ್ಲರೂ ಎದ್ದು ಕೂರ್ತಾರೆ," ಎನ್ನುತ್ತಾರೆ. ಅರ್ಥಶಾಸ್ತ್ರದವರಲ್ಲವೆ, ಬೇಡಿಕೆಯನ್ನು ಯಾವ ತಿಂಗಳಲ್ಲಿ ಇಡಬೇಕೆಂದು ಬಲ್ಲರು.

2016 ಅವರ ಕುರುಕ್ಷೇತ್ರ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿ ಸರ್ಕಾರ ತಲೆ ಮೇಲೆ ಕೈ ಹೊತ್ತಿದ್ದ ಹೊತ್ತಿಗೇ, ಕುಮಾರ್ ನಾಯಕ್ ವರದಿಯಂತೆ ವೇತನ ಕೊಡಿ ಎಂದು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದ್ದರು. ಸ್ಟಾಫ್ ರೂಮಿನಲ್ಲಿ ಆ ಕಥೆ ವರ್ಷವರ್ಷವೂ ಬೆಳೆಯುತ್ತಿದೆ. ಮೊದಮೊದಲು ಧರಣಿಯ ಕೊನೇ ಸಾಲಿನಲ್ಲಿದ್ದವರು ಈಗ ಮುಂದಿನ ಸಾಲಿಗೆ ಬಂದಿದ್ದಾರೆ. ಬರುವ ವರ್ಷ ಮಂತ್ರಿಗಳೇ ಇವರ ಕೈ ಹಿಡಿದುಕೊಂಡರೂ ಆಶ್ಚರ್ಯವಿಲ್ಲ.

ಮನವಿ ಪತ್ರದಲ್ಲಿ ವೇತನ, ಬಡ್ತಿ ಮೇಲೆ. ಡಿಎ, ಫ್ಯಾನು, ಕುಡಿಯುವ ನೀರು ಕೆಳಗೆ. ಅಧಿಕಾರಿಗಳು ಕಾಫಿ ತರಿಸಿ, "ಸರ್ಕಾರದ ಗಮನಕ್ಕೆ ತರುತ್ತೇವೆ, ಪರಿಶೀಲಿಸುತ್ತೇವೆ" ಎನ್ನುತ್ತಾರೆ. ಇದನ್ನೇ ಒಬ್ಬ ಹುಡುಗ ಉತ್ತರ ಪತ್ರಿಕೆಯಲ್ಲಿ ಬರೆದಿದ್ದರೆ, ಮೌಲ್ಯಮಾಪನದ ಸ್ಕೀಮ್ ಪ್ರಕಾರ ಸೊನ್ನೆ. ಆದರೆ ನಮ್ಮ ಮುಖಂಡರು ಅಧಿಕಾರಿಗಳಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು, ಪಾಸು ಮಾಡಿ, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡು ಹೊರಗೆ ಬರುತ್ತಾರೆ. ವಾಟ್ಸಾಪಿನಲ್ಲಿ ಅದು 'ಐತಿಹಾಸಿಕ ಜಯ'. ಒಪ್ಪದಿದ್ದರೆ ಅತ್ತಲಿಂದ ಎಸ್ಮಾ, ಇತ್ತಲಿಂದ ಬಹಿಷ್ಕಾರ ಎನ್ನುವ ಗುಡುಗು. ಮಳೆ ಬರುವುದು ಅಪರೂಪ.

ಮರುದಿನ ಮೌಲ್ಯಮಾಪನ ಕೇಂದ್ರದಲ್ಲಿ ನೋಡಬೇಕು ಅವರನ್ನು! ಬಂಡಲು ಬಿಚ್ಚಿ ಕೂತರೆ ತಲೆ ಎತ್ತುವುದಿಲ್ಲ. ಒಟ್ಟು ಅಂಕವನ್ನು ಮೂರು ಸಲ ಕೂಡುತ್ತಾರೆ. ಕೂಡಿಕೆ ತಪ್ಪಿದರೆ ದಂಡ ಬೀಳುತ್ತದಲ್ಲ; ಸಂಘ ಅದನ್ನು ಕಟ್ಟುವುದಿಲ್ಲ.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಅವರ ಬೇಸಿಗೆ ರಜೆ ಕರಗಿತು, ಮನವಿ ಪತ್ರಗಳು ಹೆಚ್ಚಿದವು. ನಕ್ಕರೂ ಒಪ್ಪಲೇಬೇಕು, ಆ ಪತ್ರಗಳಲ್ಲಿ ಸುಳ್ಳಿರುವುದಿಲ್ಲ. ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ ಅವನ್ನು ಓದುವವರಿಲ್ಲ, ಅಷ್ಟೆ. ಅಂಕವನ್ನಂತೂ ಮೂರು ಸಲ ಕೂಡುವವರು. ಹಾಗಾಗಿ ಪೋಷಕರೇ, ಮಗಳಿಗೆ ಅಂಕ ಕಡಿಮೆ ಬಂತೆನಿಸಿದರೆ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿ. ಮೇಷ್ಟ್ರನ್ನು ಬೈಯುವುದು ಆಮೇಲೆ ಇದ್ದೇ ಇದೆ.